ಕೊನೆಯ ಗುಂಡಿಯ ಮೀನು

“ಗುರುಗಳೇ, ಜನ ನನ್ನನ್ನು ನಂಬಿದ್ದಾರೆ. ನನ್ನಿಂದ ಒಂದು ತಪ್ಪಾಗಿದೆ. ಅದನ್ನು ಹೇಳಿ ಅವರ ನಂಬಿಕೆ ಕೆಡಿಸುವುದಕ್ಕಿಂತ, ಯಾರಿಗೂ ತಿಳಿಯದ ಹಾಗೆ ನಾನೇ ಸರಿಪಡಿಸಿಕೊಂಡರೆ ಸಾಲದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಸಣ್ಣ ಊರು. ನಲವತ್ತು ಮನೆಗಳ ಬಚ್ಚಲು ನೀರು ಬೀದಿಯಲ್ಲೇ ಹರಿದು, ಊರವರು ನೀರಿಗೆ ಇಳಿಯುವ ಕಟ್ಟೆ ಸೇರುತ್ತಿತ್ತು. ಅದನ್ನು ನೋಡಿ ನೋಡಿ ಒಬ್ಬ ರೈತನಿಗೆ ಸಾಕಾಯಿತು. ಅವನು ಊರ ಕೊನೆಯಲ್ಲಿ ಮೂರು ಗುಂಡಿ ತೋಡಿದ. ಮೊದಲನೆಯದರಲ್ಲಿ ಕೊಳೆ ತಳಕ್ಕಿಳಿಯುತ್ತಿತ್ತು. ಎರಡನೆಯದಕ್ಕೆ ಜಲ್ಲಿ, ಮರಳು ತುಂಬಿ ಮೇಲೆ ಜೊಂಡು ನೆಟ್ಟ. ಮೂರನೆಯದಕ್ಕೆ ಬರುವಷ್ಟರಲ್ಲಿ ನೀರು ತಿಳಿಯಾಗಿ, ಅಲ್ಲಿಂದ ಕಟ್ಟೆಗೆ ಹೋಗುತ್ತಿತ್ತು.

ಬಚ್ಚಲು ನೀರು ಎಲ್ಲಾದರೂ ಶುದ್ಧವಾಗುವುದುಂಟೇ ಎಂದು ಹಿರಿಯರು ಮೂಗು ಮುರಿದರು. ರೈತ ವಾದಕ್ಕಿಳಿಯಲಿಲ್ಲ. ಕೊನೆಯ ಗುಂಡಿಗೆ ನಾಲ್ಕು ಮೀನು ಬಿಟ್ಟು, ಇವು ಬದುಕಿದ್ದರೆ ನೀರು ಬಳಸಿ, ಸತ್ತರೆ ಬಿಡಿ ಎಂದ. ಮೀನು ಬದುಕಿದವು. ಅಂದಿನಿಂದ ಹೆಂಗಸರು ಮೊದಲು ಗುಂಡಿಗೆ ಇಣುಕಿ, ಮೀನು ಆಡುವುದನ್ನು ಕಂಡು, ಆಮೇಲೆ ಕಟ್ಟೆಯಲ್ಲಿ ಪಾತ್ರೆ ತೊಳೆಯಲು ಕೂರುವುದು ರೂಢಿಯಾಯಿತು.

ರೈತನಿಗೆ ದೊಡ್ಡ ಹೆಸರು ಬಂತು. ಹೆಸರು ಬಂದ ಮೇಲೆ ಕೆಸರು ಹೊರಲು ಮನಸ್ಸು ಬರಲಿಲ್ಲ. ವರ್ಷಕ್ಕೊಮ್ಮೆ ಮರಳು ತೆಗೆದು ತೊಳೆಯಬೇಕಿತ್ತು. ಒಂದು ವರ್ಷ ಬಿಟ್ಟ, ಮರುವರ್ಷವೂ ಬಿಟ್ಟ.

ಒಂದು ಬೆಳಿಗ್ಗೆ ನಾಲ್ಕೂ ಮೀನು ಸತ್ತು ತೇಲುತ್ತಿದ್ದವು. ಮರಳು ತೊಳೆಯಲು ಮೂರು ದಿನ ನೀರು ನಿಲ್ಲಿಸಬೇಕು. ನಿಲ್ಲಿಸಿದರೆ ಊರಿಗೆಲ್ಲ ಕಾರಣ ಹೇಳಬೇಕು. ಸುಗ್ಗಿ ಬಂದು ಜನ ಹೊಲದಲ್ಲಿರುವಾಗ ಸದ್ದಿಲ್ಲದೆ ತೊಳೆದುಬಿಡೋಣ ಎಂದುಕೊಂಡ. ಅಲ್ಲಿಯತನಕ ಇರಲಿ ಎಂದು ಹೊಳೆಯಿಂದ ಬೇರೆ ಮೀನು ತಂದು ಬಿಟ್ಟ. ಅವು ಎರಡು ದಿನ ಬದುಕಿದವು. ಮತ್ತೆ ತಂದ. ಊರು ಏಳುವ ಮೊದಲೇ ಸತ್ತವನ್ನು ಹೂತು ಹೊಸವನ್ನು ಬಿಡುವುದೇ ಅವನ ಕಸುಬಾಯಿತು.

ಒಂದು ದಿನ ಕುಂಬಾರರ ಸೊಸೆ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದಳು.

“ಅಣ್ಣಾ, ಕಟ್ಟೆ ನೀರು ಯಾಕೋ ನಾರ್ತದೆ. ಪಾತ್ರೆ ತೊಳಿಯಾಕೆ ಹೊಳೆಗೇ ಹೋಗ್ಲಾ?”

ಹೋಗು ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು.

“ಅಷ್ಟು ದೂರ ಯಾಕವ್ವ? ಇಣುಕಿ ನೋಡು, ಮೀನು ಆಡ್ತಾವೆ,” ಎಂದ.

ಅವಳು ಇಣುಕಿ ನೋಡಿ, ನಕ್ಕು, ಕಟ್ಟೆಗೆ ಇಳಿದಳು.

ವಾರದೊಳಗೆ ಕೂಸಿಗೆ ವಾಂತಿಭೇದಿ ಹತ್ತಿತು. ಎರಡನೆಯ ದಿನ ತೀರಿಕೊಂಡಿತು. ಮಣ್ಣು ಮಾಡಿ ಬಂದ ಮೇಲೆ, ಎಲ್ಲವನ್ನೂ ಹೇಳಿಬಿಡುತ್ತೇನೆಂದು ರೈತ ಅವರ ಮನೆಗೆ ಹೋದ. ಅವನ ಮುಖ ಕಂಡು ಆ ತಾಯಿಯೇ ಅವನನ್ನು ಸಮಾಧಾನ ಮಾಡಿದಳು. ನೀರಿನ ತಪ್ಪೇನಿಲ್ಲ, ನೀನೇ ಮೀನು ತೋರಿಸಿದ್ದೆಯಲ್ಲ ಅಣ್ಣಾ, ಕೂಸು ಪಡೆದುಬಂದದ್ದೇ ಅಷ್ಟು ಎಂದಳು. ರೈತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, ಆಗಲಾದರೂ ಅವನು ಹೇಳಿದನೇ ಎಂದು ಕೇಳಿದ.

“ಇಲ್ಲ. ಮೊದಲು ಮುಚ್ಚಿಡಬೇಕಿದ್ದದ್ದು ತೊಳೆಯದ ಮರಳು, ಈಗ ಕೂಸಿನ ಸಾವು. ಮಾರನೆಯ ಬೆಳಿಗ್ಗೆಯೂ ಅವನು ಮೀನು ತರಲು ಹೊಳೆಗೆ ಹೋದ,” ಎಂದರು ಗುರುಗಳು.