ಅರೆ ಎಂಬ ಮಾತು

“ಕೇಳಿರಪ್ಪೋ ಕೇಳಿ! ಅರಸುಕುವರಿಗೆ ಜ್ವರ. ಅವಳಿಗೆ ಮದ್ದು ಕುಡಿಸಲು ಒಂದು ಕೈ ಬೇಕಾಗಿದೆ. ಅರಸರ ಮೂರು ಒಗಟು ಬಿಡಿಸಿದವರಿಗೆ ಆ ಕೆಲಸ, ಜೊತೆಗೆ ಕೇಳಿದ ಉಡುಗೊರೆ. ತಪ್ಪಿದವರಿಗೆ ತಲೆದಂಡ!”

ಡಂಗುರದ ದನಿ ಬಂದಾಗ ಊಳಿಗದ ದೇವೀರಿ ಎಂದಿನಂತೆ ಅರಮನೆಯ ಹಿತ್ತಿಲಲ್ಲಿ ಕುವರಿಯ ಹಣೆಯ ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ಮದ್ದು ಕುಡಿದು ಮಲಗಿದ ರಾಣಿ ಮತ್ತೆ ಕಣ್ಣು ತೆರೆಯದೆ ಹೋದಂದಿನಿಂದ ಅರಸನಿಗೆ ಯಾವ ಕೈಯ ಮೇಲೂ ನಂಬಿಕೆಯಿರಲಿಲ್ಲ. ವೈದ್ಯರು ಗುಳಿಗೆ ಕಟ್ಟಿಟ್ಟಿದ್ದರು, ಕುಡಿಸುವವರಿರಲಿಲ್ಲ. ಹುಡುಗಿಯ ಮೈ ಕಾವಲಿಯಂತೆ ಸುಡುತ್ತಿತ್ತು. ನಿನ್ನೆ ಅವಳಿಗೆ ದೇವೀರಿಯ ಗುರುತೂ ಸಿಕ್ಕಿರಲಿಲ್ಲ.

ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಅವಳು ಓಲಗದ ಬಾಗಿಲಿಗೆ ನಡೆದಳು. ಅಲ್ಲಿ ಆಗಲೇ ಇಬ್ಬರಿದ್ದರು: ಮೀಸೆ ತಿರುವುತ್ತಿದ್ದ ದಳವಾಯಿಯ ಮಗ ವೀರರಾಜ, ಬೆವರೊರೆಸುತ್ತಿದ್ದ ಜವಳಿ ಬಸಂತಶೆಟ್ಟಿ.

“ಏನಮ್ಮಾ, ಒಗಟು ಅಂದ್ರೆ ಬಟ್ಟೆ ಒಗೆಯೋದು ಅಂದ್ಕೊಂಡ್ಯಾ?” ಎಂದ ವೀರರಾಜ.

“ತಲೆ ಹೋದ್ರೆ ನಿಮ್ಮ ಪೇಟಾನೂ ನಾನೇ ಒಗೀಬೇಕಲ್ಲ ಸ್ವಾಮಿ. ಹೋಗಿಬನ್ನಿ.”

ಅವನು ಹೋದ. ತುಸು ಹೊತ್ತಿಗೆ ಭಟರು ಎಳೆತಂದರು. “ಅರೆಯದೆ ಮತ್ತೇನು ಮಾಡ್ಬೇಕಿತ್ತು?” ಎಂದು ಅರಚುತ್ತಿದ್ದ.

“ಹಾಗಾದ್ರೆ ಅರೆಯೋದಲ್ಲ,” ಎಂದು ಗೊಣಗಿಕೊಂಡು ಶೆಟ್ಟಿ ಒಳಹೊಕ್ಕ. ಅವನೂ ಕಾಲೆಳೆಯುತ್ತ ಬಂದ. “ಅರ್ಧ ಅಂದ್ರೂ ತಪ್ಪಾ? ಅದೂ ತಪ್ಪಾ?”

ದೇವೀರಿ ಹಿಂದಿರುಗಲು ಒಂದು ಹೆಜ್ಜೆ ಇಟ್ಟದ್ದೂ ಉಂಟು. ಅಷ್ಟರಲ್ಲಿ ಅಂತಃಪುರದಿಂದ ಮಗುವಿನ ನರಳಾಟ ಕೇಳಿಸಿತು. ಒಳಗೆ ಹೋದಳು.

ಅರಸ ಕೂತಿರಲಿಲ್ಲ, ಕಿಟಕಿಗೂ ಸಿಂಹಾಸನಕ್ಕೂ ಅಲೆದಾಡುತ್ತಿದ್ದ. ಕಂಬದ ಬಳಿ ಮುದಿ ವೈದ್ಯರು ತಲೆ ತಗ್ಗಿಸಿ ನಿಂತಿದ್ದರು.

“ಒಂದೇ ಹೆಸರು. ಹಾಸಿಗೆಯಲ್ಲಿರುವವರ ಜೀವ ಉಳಿಸುತ್ತದೆ, ಕೋಟೆಯ ಗೋಡೆ ಒಡೆಯುತ್ತದೆ, ಹಗೆಯವನು ಅನ್ನದೊಳಗೆ ಬಚ್ಚಿಡುತ್ತಾನೆ. ಏನದು?”

“ಬುದ್ಧೀ, ಅದು ಮದ್ದು. ಗುಳಿಗೆಯೂ ಮದ್ದೇ, ಫಿರಂಗಿಗೆ ತುಂಬುವುದೂ ಮದ್ದೇ, ಕೇಡಿಗರು ಹಾಕುವುದೂ ಮದ್ದೇ.”

“ಬೇರಿಲ್ಲದೆ, ಬಿಸಿಲಿಲ್ಲದೆ, ಮಲಗಿದವರ ಬೆನ್ನಲ್ಲಿ ಅರಳುವ ಕೆಂಪು ಹೂವು ಯಾವುದು? ಅದು ಅರಳದಂತೆ ಕಾಯುವ ತೋಟಗಾರ ಯಾರು?”

“ಹಾಸಿಗೆ ಹುಣ್ಣು. ಆಗಾಗ ಮಗ್ಗುಲು ತಿರುಗಿಸುವ ಕೈಯೇ ಅದರ ತೋಟಗಾರ.”

ಅರಸ ಥಟ್ಟನೆ ನಿಂತ. “ವೈದ್ಯರು ಬಾಗಿಲಲ್ಲಿ ನಿಂತು ‘ಗುಳಿಗೆ ಅರೆ ಕೊಡು’ ಎಂದರು. ನೀನು ಏನು ಮಾಡುತ್ತೀ?”

ಹೊರಗೆ ಕೇಳಿದ ಎರಡು ಕೂಗೂ ಅವಳ ಕಿವಿಯಲ್ಲಿ ಮೊರೆದವು. ಅರೆ ಎಂದರೆ ನುಣ್ಣಗೆ ಅರೆಯುವುದು. ಅರೆ ಎಂದರೆ ಅರ್ಧ. ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಅರಸನಿಗೆ ಬೆನ್ನು ಮಾಡಿ ಕಂಬದ ಕಡೆ ತಿರುಗಿದಳು.

“ಅಜ್ಜಾ, ಇಡೀ ಗುಳಿಗೆ ಅರೆದು ಕೊಡಲೋ, ಅರ್ಧ ಕೊಡಲೋ?”

“ನಾನು ಕೇಳಿದ್ದು ನಿನ್ನನ್ನು!” ಅರಸ ಗುಡುಗಿದ.

“ಹೇಳಿದವರು ಅವರಲ್ವಾ ಬುದ್ಧಿ? ನಂಗೆ ಗೊತ್ತಿಲ್ಲ, ಅದಕ್ಕೇ ಕೇಳ್ತೀನಿ. ಮಗು ನುಂಗಿದ ಮೇಲೆ ಕೇಳಿದ್ರೆ ಏನು ಬಂತು?”

ವೈದ್ಯರು ತಲೆಯೆತ್ತಿದರು. “ಅರ್ಧ, ತಾಯಿ. ನಾನೂ ಅಂದು ಬಿಡಿಸಿ ಹೇಳಲಿಲ್ಲ.”

ಅರಸ ತನ್ನ ಅಂಗೈಯನ್ನೇ ನೋಡಿದ. “ರಾಣಿಗೆ ಅರೆದು ಕುಡಿಸಿದ್ದು ಈ ಕೈ. ಇಡೀ ಗುಳಿಗೆ. ಯಾರಾದರೂ ಊಹಿಸದೆ ‘ಕೇಳಿ ಬರುತ್ತೇನೆ’ ಅನ್ನುತ್ತಾರೇನೋ ಎಂದು ಕಾಯುತ್ತಿದ್ದೆ. ಏನು ಬೇಕು, ಕೇಳು.”

“ಆ ಇಬ್ಬರೂ ಎಡವಿದ್ದು ನೀವು ಎಡವಿದ ಕಲ್ಲಿಗೇ ಬುದ್ಧಿ. ಅವರ ತಲೆ ಅವರಿಗೇ ಇರಲಿ.”

ಅವರನ್ನು ಬಿಡುವಂತೆ ಅರಸ ಭಟರಿಗೆ ಕೈಸನ್ನೆ ಮಾಡಿದ. ಕುವರಿಯ ಕೋಣೆಯ ಬೀಗದ ಕೈಯನ್ನು ಅವಳಿಗೆ ತಾನೇ ಕೊಟ್ಟ.

ಹಾಸಿಗೆಯ ಬಳಿ ಅವಳು ಮತ್ತೆ ಕೇಳಿದಳು. “ಮಗುವಿಗೆ ಎಷ್ಟು, ಅಜ್ಜಾ?”

“ಕಾಲು. ಅಂದರೆ ನಾಲ್ಕರಲ್ಲಿ ಒಂದು ಪಾಲು.”

“ನಾಲ್ಕರಲ್ಲಿ ಒಂದು ಪಾಲು,” ಎಂದು ತಿರುಗಿ ಒಪ್ಪಿಸಿ, ಅವರು ತಲೆದೂಗಿದ ಮೇಲೆ ಗುಳಿಗೆ ಮುರಿದಳು.

ಆ ವಾರದ ಕೊನೆಗೆ ಕುವರಿ ಗಂಜಿಗೆ ಉಪ್ಪು ಸಾಲದು ಎಂದಳು.