ಅಮಾವಾಸ್ಯೆಯ ಜಳಕ

ಹೊಸಪೇಟೆಯ ಒಂದು ಸೀರೆ ಅಂಗಡಿ. ಅದರ ತಾರಸಿ ಮೇಲೆ ನಾಲ್ಕು ದೊಡ್ಡ ಎಸಿ ಯಂತ್ರಗಳು. ಅವುಗಳ ಯೋಗಕ್ಷೇಮ ಮೆಕ್ಯಾನಿಕ್ ತಿಪ್ಪೇಶನದು. ಮೇ ತಿಂಗಳ ಬಿಸಿಲು, ಮದುವೆ ಕಾಲ. ಫಿಲ್ಟರಿನಲ್ಲಿ ಧೂಳು ಕಂಬಳಿ ಕಟ್ಟಿತ್ತು. ಸವೆದ ಬೆಲ್ಟುಗಳು ಕಿರುಗುಟ್ಟಿದಾಗೆಲ್ಲ ತಿಪ್ಪೇಶ ತಾರಸಿಗೆ ಓಡುತ್ತಿದ್ದ.

"ಎರಡು ತಾಸು ನಿಲ್ಸಿ ಸಾವ್ಕಾರ್ರೆ, ತೊಳೆದು ಕೊಡ್ತೀನಿ."

"ಓಡೋದನ್ನ ಯಾಕಲೇ ನಿಲ್ಸಬೇಕು?" ಅಂಗಡಿಯ ಮಾಲೀಕ ಗವಿಸಿದ್ದಪ್ಪ ಸಾಹುಕಾರರು ಗುಡುಗಿದರು. "ಸರ್ವಿಸ್ ಆಗೈತಿ ಅಂತ ಪುಸ್ತಕದಾಗ ಸಹಿ ಹಾಕು. ನಾಳೆ ಕೆಟ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

ಸಹಿ ಹಾಕಿದರೆ ಸುಳ್ಳು, ಯಂತ್ರ ಕೆಟ್ಟರೆ ಕೆಲಸ ಇಲ್ಲ. ಬೆವರು ಒರೆಸಿಕೊಳ್ಳುತ್ತ ತಿಪ್ಪೇಶ ಹೊರಗೆ ಬಂದ. ಅಂದು ಅಮಾವಾಸ್ಯೆ. ಸಾಹುಕಾರರ ಕಾರು ತೊಳೆಸಿಕೊಂಡು, ಹಾರ ಹಾಕಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇಟ್ಟುಕೊಂಡು ನಿಂತಿತ್ತು. ಊಟ ತಪ್ಪಿದರೂ ಅವರು ಈ ಪೂಜೆ ತಪ್ಪಿಸುವವರಲ್ಲ.

ತಿಪ್ಪೇಶ ಗಲ್ಲಾದ ಮುಂದೆ ಬಂದು ಕೈಮುಗಿದ. "ಕಾರಿಗೆ ಪ್ರತಿ ಅಮಾವಾಸ್ಯೆ ಪೂಜೆ ಮಾಡ್ತೀರಿ. ಗಿರಾಕೀನ ತಂಪಾಗಿ ಕೂಡ್ಸೋ ಯಂತ್ರಕ್ಕೆ ವರ್ಷದಿಂದ ಒಂದು ಹೂವಿಲ್ಲರಿ. ಅದೂ ಮದುವೆ ಕಾಲದಾಗ..."

ಸಾಹುಕಾರರ ಮುಖ ಬಿಳಿಚಿತು. "ಮೊದಲೇ ಹೇಳಬಾರದೇನಲೇ? ಈಗಲೇ ಪೂಜೆ ಮಾಡು!"

"ಜಳಕ ಇಲ್ಲದ ಮೈಗೆ ಹೆಂಗ್ರಿ ಕುಂಕುಮ ಹಚ್ಚೋದು?"

"ನಿಲ್ಸಲೇ! ಎಷ್ಟು ತಾಸಾದ್ರೂ ಆಗಲಿ!"

ಕಪ್ಪು ನೀರು ಹರಿಯಿತು. ಬಿಚ್ಚುವಾಗ ಒಂದು ಬೆಲ್ಟು ತಿಪ್ಪೇಶನ ಕೈಯಲ್ಲೇ ತುಂಡಾಯಿತು. ಹೊಸದು ಕೂತಿತು. ಪೂಜೆ ಮುಗಿಸಿ ಸ್ವಿಚ್ ಹಾಕಿದರೆ ಅಂಗಡಿ ತುಂಬ ತಣ್ಣನೆ ಗಾಳಿ.

"ದೇವರು ಒಲಿದ ನೋಡಲೇ!" ಸಾಹುಕಾರರು ಕಣ್ಣು ಮುಚ್ಚಿ ಕೈಮುಗಿದರು.

ತಿಪ್ಪೇಶ ಪುಸ್ತಕಕ್ಕೆ ಸಹಿ ಹಾಕಿದ. "ಹೌದ್ರಿ. ತಿಂಗಳಿಗೊಮ್ಮೆ ಜಳಕ ಮಾಡ್ಸಿದ್ರೆ ತಿಂಗಳಿಗೊಮ್ಮೆ ಒಲೀತಾನ."