ಆಯಿ ಹೊಲಿದ ಕೌದಿ ಬಾಯಿ ಬಿಡುವುದೇಕೆ

ಆಗಿನ್ನೂ ಭೂಮಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಗುಡ್ಡಗಳು ಮೊಣಕಾಲೆತ್ತರ ಇದ್ದವು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು.

ಭೂಮಿ ಈಗಿನ ಹಾಗೆ ದೊಡ್ಡ ಹೆಂಗಸಾಗಿರಲಿಲ್ಲ. ನಿನ್ನಷ್ಟೇ ಇದ್ದಳು. ಮೂಗು ಸೋರುತ್ತಿತ್ತು, ಒರೆಸಿಕೊ ಅಂದರೆ ಕೇಳುತ್ತಿರಲಿಲ್ಲ. ಎಲ್ಲರೂ ಅವಳನ್ನು ಭೂಮವ್ವ ಅನ್ನುತ್ತಿದ್ದರು.

ಅವಳ ತಾಯಿ ಯಾರು ಅಂತ ಕೇಳಬೇಡ. ಆಗ ಯಾರಿಗೂ ತಾಯಿ ಇರಲಿಲ್ಲ. ಆಯಿ ಇದ್ದಳು, ಅಷ್ಟೇ. ಅಜ್ಜಿಯರು ಹಾಗೆಯೇ, ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಾರೆ.

ಆ ಆಯಿ ಬೇರೆ ಯಾರೂ ಅಲ್ಲ, ಮೋಡ. ಕಪ್ಪು ಚಂದ್ರಕಾಳಿ ಸೀರೆ ಉಟ್ಟ, ತುಂಬಿದ ಮೈಯ, ಸಿಟ್ಟು ಬಂದರೆ ಗುಡುಗುವ ಮಳೆಮೋಡ. ಅವಳ ಮನೆ ದೂರದ ಕಡಲಿನಲ್ಲಿತ್ತು. ವರ್ಷಕ್ಕೊಮ್ಮೆ ಗಾಳ್ಯಪ್ಪನ ಬಂಡಿ ಹತ್ತಿ ಮೊಮ್ಮಗಳ ಹತ್ತಿರ ಬರುವಳು. ನೀರೆರೆಯುವಳು, ತಲೆ ಬಾಚುವಳು, ಬೈಯುವಳು, ಮುದ್ದು ಮಾಡುವಳು. ಆಮೇಲೆ ಅದೇ ಬಂಡಿ ಹತ್ತಿ ಹೊರಟುಹೋಗುವಳು. ಗಾಳ್ಯಪ್ಪ ಅಂದರೆ ಗಾಳಿ. ನೆಟ್ಟಗೆ ಒಂದು ಕಡೆ ಕೂತು ಅವನಿಗೆ ಗೊತ್ತಿಲ್ಲ.

ಆಯಿ ಹೋದ ಬೆನ್ನಿಗೇ ಮಾಗಿಯ ಚಳಿ ಬರುತ್ತಿತ್ತು.

ಭೂಮವ್ವನ ಮೈಮೇಲೆ ಒಂದು ಚಿಂದಿಯೂ ಇರಲಿಲ್ಲ. ಗಡಗಡ ನಡುಗುವಳು. ಅವಳು ನಡುಗಿದರೆ ಆಗತಾನೇ ಬೇರು ಬಿಟ್ಟ ಹುಲ್ಲು ಕಿತ್ತು ಬೀಳುತ್ತಿತ್ತು. ಹಕ್ಕಿಗಳ ಗೂಡು ಉರುಳುತ್ತಿತ್ತು. ಹೀಗೆ ನಡುಗುವ ಹುಡುಗಿಯ ಮೇಲೆ ಏನು ನಿಂತೀತು? ಮರ ನಿಲ್ಲದು, ಬೆಳೆ ನಿಲ್ಲದು. ನಮ್ಮ ಮನೆಯೂ ನಿಲ್ಲುತ್ತಿರಲಿಲ್ಲ.

ಒಂದು ವರ್ಷ ಆಯಿ ಹೊರಡುವ ಹೊತ್ತು ಬಂದಾಗ ಭೂಮವ್ವ ಅವಳ ಸೆರಗು ಹಿಡಿದುಕೊಂಡಳು.

"ಆಯಿ, ಹೋಗಬ್ಯಾಡ. ನನಗ ಥಂಡಿ ಆಗತೈತಿ."

"ಹೋಗದಿದ್ದರ ಹ್ಯಾಂಗ ಮಗಳ? ವರ್ಷಪೂರ್ತಿ ನಾನು ಇಲ್ಲೇ ಕೂತರ ನಿನ್ನ ಮೈ ನೆಂದು ಕೊಳೀತೈತಿ."

"ಹಂಗಾರ ನನ್ನೂ ಕರಕೊಂಡು ಹೋಗು."

"ನಿನ್ನ ಎತ್ತಿದರ ಗಾಳ್ಯಪ್ಪನ ಬಂಡಿ ಅಚ್ಚು ಮುರೀತೈತಿ. ಉಂಡು ಉಂಡು ಹ್ಯಾಂಗ ಆಗೀ ನೋಡು," ಅಂದಳು ಆಯಿ. ಆದರೂ ಮೊಮ್ಮಗಳ ತೋಳು ಸವರಿ ನೋಡಿದಳು. ಚಳಿ ಬರುವ ಮೊದಲೇ ರೋಮ ನಿಂತಿದ್ದವು. "ಅಳಬ್ಯಾಡ. ಕೌದಿ ಹೊಲಿದು ಕೊಟ್ಟು ಹೋಗತೀನಿ. ಅದನ್ನ ಹೊದ್ದರ ನಾನು ಇದ್ದಂಗ."

ಗಾಳ್ಯಪ್ಪ ಬಂಡಿಯಿಂದ ಇಳಿದ. "ಕೌದಿಗೆ ಅರಿವಿ ತರಲೇನು ಬೇ? ಹೊಸಾದು, ಗರಿಗರಿ ಅನ್ನೋದು ತರತೀನಿ."

"ನಿನಗ ಬುದ್ಧಿ ಐತೇನೋ? ಹೊಸಾ ಅರಿವಿಗೆ ಯಾರ ಗುರತೂ ಇರಂಗಿಲ್ಲ. ಉಟ್ಟು ಹಳೇದಾಗಿದ್ದು ತಾ. ಅದರಾಗ ಮಂದಿ ಮೈ ಬಿಸಿ ಇರತೈತಿ. ಆ ಬಿಸೀನ ಹುಡುಗೀನ ಕಾಯೂದು."

ಗಾಳ್ಯಪ್ಪ ಜೋಳಿಗೆ ಹಾಕಿಕೊಂಡು ಹೊರಟ.

ಮೊದಲು ಸೂರ್ಯನ ಹತ್ತಿರ ಹೋದ. ಸೂರ್ಯ ದಿನಾ ಹೊಸದು ಉಡುವವನು. ಹಿಂದಿನ ಸಂಜೆ ಬಿಚ್ಚಿ ಎಸೆದ ಹಳದಿ ಧೋತರ ಗೂಟದ ಮೇಲಿತ್ತು. "ಅದನ್ನ ಒಮ್ಮೆ ಉಟ್ಟೇನಿ, ಅಷ್ಟ," ಅಂದ. "ಒಮ್ಮೆ ಉಟ್ಟು ಬಿಚ್ಚಿದರ ಹಳೇದಾತು," ಅಂತ ಗಾಳ್ಯಪ್ಪ ಹರಿದುಕೊಂಡೇ ಬಿಟ್ಟ.

ಗಿಳಿ ತನ್ನ ಹಸಿರು ಲಂಗದ ಅಂಚು ಕತ್ತರಿಸಿ ಕೊಟ್ಟಿತು. "ಕೊರಳಿನ ಕೆಂಪು ಪಟ್ಟಿಗೆ ಮಾತ್ರ ಕೈ ಹಚ್ಚಬ್ಯಾಡ. ಅದು ಮದುವ್ಯಾಗ ಕೊಟ್ಟಿದ್ದು."

ಗುಡ್ಡ ತಲೆಗೆ ಸುತ್ತಿದ್ದ ಕೆಂಪು ರುಮಾಲನ್ನೇ ಬಿಚ್ಚಿ ಜೋಳಿಗೆಗೆ ಹಾಕಿತು. ಅಂದಿನಿಂದ ಅದರ ತಲೆ ಬೋಳು.

ನವಿಲು ತನ್ನ ಸೆರಗನ್ನು ಪೂರ್ತಿ ಬಿಚ್ಚಿತು. ಆ ಕಡೆ ತಿರುಗಿ ತೋರಿಸಿತು, ಈ ಕಡೆ ತಿರುಗಿ ತೋರಿಸಿತು. ಗಾಳ್ಯಪ್ಪ ಕೈ ಚಾಚುವಷ್ಟರಲ್ಲಿ ಮಡಚಿಕೊಂಡಿತು. "ಕೇಳಾಕ ಬಂದಿದ್ದೇನು? ನೋಡಾಕ ಬಂದೀ ಅನಕೊಂಡಿದ್ದೆ," ಅಂದಿತು.

ಆಯಿ ಚೂರುಗಳನ್ನೆಲ್ಲ ಹರವಿದಳು. ಭೂಮವ್ವ ಬಣ್ಣ ಜೋಡಿಸಲು ಕೂತಳು. ಹಳದಿಯೆಲ್ಲ ಒಂದು ಕಡೆ ಇಟ್ಟಳು, ಹಸಿರೆಲ್ಲ ಒಂದು ಕಡೆ, ಕೆಂಪೆಲ್ಲ ಒಂದು ಕಡೆ. ನಾಲಿಗೆ ಹೊರಗೆ ಹಾಕಿಕೊಂಡು, ಬಹಳ ಅಚ್ಚುಕಟ್ಟಾಗಿ.

"ಇದೇನು, ಜಗಳ ಆಡಿ ಬ್ಯಾರೆ ಕೂತವರಂಗ?" ಅಂದಳು ಆಯಿ. "ಒಂದೇ ಬಣ್ಣದವರನ್ನ ಒಂದೇ ಕಡೆ ಕೂರಿಸಬಾರದು. ತಮ್ಮ ತಮ್ಮೊಳಗ ಮಾತಾಡಿಕೋತ ಕೂರತಾರ, ಹೊದ್ದವರ ಕಡೆ ಲಕ್ಷ್ಯ ಇರಂಗಿಲ್ಲ. ಹಳದಿ ಪಕ್ಕ ಹಸಿರು ಇಡು. ಹಸಿರಿನ ಪಕ್ಕ ಕೆಂಪು ಇಡು. ಆಗ ನೋಡು, ಒಬ್ಬರಿಂದ ಒಬ್ಬರು ಹ್ಯಾಂಗ ಹೊಳೀತಾರ."

ಭೂಮವ್ವ ಹಸಿರಿನ ಪಕ್ಕ ಕೆಂಪು ಇಟ್ಟಳು. ಹೌದು, ಹೊಳೆಯಿತು. ಕೆಂಪಿನ ಪಕ್ಕ ಹಳದಿ ಇಟ್ಟಳು. ಅದೂ ಹೊಳೆಯಿತು. ಅವಳು ನಕ್ಕಳು. ಆ ವರ್ಷ ಅವಳು ಚಳಿಯನ್ನು ಮರೆತದ್ದು ಅದೇ ಮೊದಲು.

ಆಯಿ ಮಳೆಯ ದಾರ ಪೋಣಿಸಿ ಹೊಲಿಯಲು ಶುರು ಮಾಡಿದಳು. ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಬರುತ್ತಾರೆ. ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಆಯಿಯೂ ಹಾಗೇ ಬಂದಳು, ಒಂದು ಸಾಲು, ಅದರ ಒಳಗೆ ಇನ್ನೊಂದು ಸಾಲು, ಅದರ ಒಳಗೆ ಮತ್ತೊಂದು.

ನಡುವಿಗೆ ಬಂದಾಗ ಜೋಳಿಗೆ ಖಾಲಿ. ಕೌದಿಯ ಹೊಟ್ಟೆಯ ಜಾಗ, ಸರಿಯಾಗಿ ಭೂಮವ್ವನ ಹೊಟ್ಟೆಯ ಮೇಲೆ ಬರುವ ಜಾಗ, ಬಯಲಾಗಿ ಉಳಿಯಿತು.

"ನವಿಲಿನ ಹತ್ತಿರ ಮತ್ತ ಹೋಗಲೇನು?" ಅಂದ ಗಾಳ್ಯಪ್ಪ.

"ಮನಸ್ಸಿಲ್ಲದವರ ಅರಿವಿ ಬೆಚ್ಚಗಿರಂಗಿಲ್ಲ. ಬಿಡು."

ಆಯಿ ತನ್ನ ಸೆರಗನ್ನು ಮುಂದೆ ಎಳೆದುಕೊಂಡಳು. ಎಷ್ಟು ವರ್ಷ ಉಟ್ಟ ಸೀರೆಯೋ, ಮೆತ್ತಗೆ ಬೆಣ್ಣೆಯಾಗಿತ್ತು. ಹಲ್ಲಿನಿಂದ ಅಂಚು ಕಚ್ಚಿ ಪರ್‍ರನೆ ಹರಿದಳು.

ಸೂರ್ಯ ಮೇಲಿನಿಂದ ಬಾಯಿ ಹಾಕಿದ. "ಏನ್ ಬೇ, ಕೂಸಿನ ಕೌದಿಗೆ ಕಪ್ಪು ಹಾಕತಾರೇನು? ಅದೂ ನಟ್ಟ ನಡುವ?"

"ನೀನು ನಿನ್ನ ಕೆಲಸ ನೋಡು. ದಿನಾ ಸಂಜೀಕ ಮೂಟೆ ಕಟ್ಟಿಕೊಂಡು ಹೋಗಾವ, ಈಕಿ ರಾತ್ರಿ ಹ್ಯಾಂಗ ಮಲಗತಾಳ ಅಂತ ಒಂದು ದಿನ ಕೇಳೀಯೇನು? ಕಪ್ಪು ಬಿಸಿ ಹಿಡಕೋತೈತಿ. ಹೀರಿದ ನೀರು ಲಗೂನ ಬಿಡಂಗಿಲ್ಲ. ಮ್ಯಾಲ, ಇದಕ್ಕ ನನ್ನ ವಾಸನಿ ಐತಿ."

ಸೂರ್ಯ ಪಡುವಣಕ್ಕೆ ಇಳಿದ. ಭೂಮವ್ವ ಕಪ್ಪು ತುಂಡಿಗೆ ಮೂಗು ಒತ್ತಿ ಎಳೆದುಕೊಂಡಳು. ಮೊದಲ ಮಳೆ ಬಿದ್ದಾಗ ಬರುತ್ತದಲ್ಲ, ಅದೇ ವಾಸನೆ.

ಇನ್ನು ಅಂಗೈಯಗಲ ಹೊಲಿದರೆ ಕೌದಿ ಮುಗಿಯುತ್ತಿತ್ತು. ಅಲ್ಲಿಗೆ ಆಯಿ ಕೈ ನಿಲ್ಲಿಸಿ ತನ್ನ ಬುತ್ತಿಗಂಟು ಬಿಚ್ಚಿದಳು. ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಹೊಲಿದು ಮುಚ್ಚುವುದಿಲ್ಲ. ಈಗಲೂ ನಾವು ಮುಚ್ಚುವುದಿಲ್ಲ. ಕೊನೆಯ ಹೊಲಿಗೆಗೆ ಮೊದಲು ಒಂದು ರೊಟ್ಟಿ ಚೂರೋ, ನಾಲ್ಕು ಕಾಳೋ ಒಳಗೆ ಇಡುತ್ತೇವೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ಬಿಸಿ ಎಲ್ಲಿಂದ ಕೊಟ್ಟೀತು?

ಗಂಟಿನಲ್ಲಿ ಒಂದೇ ಒಂದು ಜೋಳದ ತೆನೆ ಉಳಿದಿತ್ತು.

ಅಷ್ಟರಲ್ಲಿ ಭೂಮವ್ವ ಆಯಿಯ ತೊಡೆಯ ಮೇಲೆ ತಲೆ ಇಟ್ಟಳು. "ಆಯಿ, ಹಸಿವು."

"ಹೊತ್ತಾತು ಬೇ ಆಯಿ, ಬಂಡಿ ಹೂಡೇನಿ," ಅಂತ ಗಾಳ್ಯಪ್ಪ ಕೂಗಿದ.

ಆಯಿ ತೆನೆ ನೋಡಿದಳು. ಕೌದಿ ನೋಡಿದಳು. ಹುಡುಗಿಯ ಮುಖ ನೋಡಿದಳು. ಆಮೇಲೆ ತೆನೆಯನ್ನು ಹುಡುಗಿಯ ಕೈಗೆ ಕೊಟ್ಟಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಕೌದಿಗೆ ಆಗಲೇ ಜೀವ ಬಂದಿತ್ತು. "ಮತ್ತ ನನಗ?" ಅಂತ ಇನ್ನೂ ತೆರೆದಿದ್ದ ಕಪ್ಪು ತುಂಡಿನ ಬಾಯಿಯಿಂದ ಕೇಳಿತು.

"ಮುಂದಿನ ಸಲ ಬಂದಾಗ ನಿನಗ ಕೊಡತೀನಿ. ಮಾತು ಕೊಟ್ಟೇನಿ. ಅಲ್ಲೀತನ ಈಕೀನ ಬೆಚ್ಚಗ ನೋಡಿಕೋ," ಅಂತ ಆಯಿ ಕೊನೆಯ ಹೊಲಿಗೆ ಹಾಕಿದಳು. ಹೊರಡುವ ಗಡಿಬಿಡಿಯಲ್ಲಿ ಆ ಹೊಲಿಗೆ ಸ್ವಲ್ಪ ಸಡಿಲಾಯಿತು.

ಭೂಮವ್ವ ತೆನೆಯನ್ನು ಕಚ್ಚುತ್ತ ಕಚ್ಚುತ್ತ ನಿದ್ದೆ ಹೋದಳು. ಆಯಿ ಕೌದಿ ಹೊದಿಸಿ, ಅಂಚನ್ನು ಪಾದದ ಕೆಳಗೆ ಸಿಗಿಸಿ, ತಿರುಗಿ ನೋಡದೆ ಬಂಡಿ ಹತ್ತಿದಳು. ತಿರುಗಿ ನೋಡಿದ್ದರೆ ಹೋಗುವುದು ಆಗುತ್ತಿರಲಿಲ್ಲ.

ಮಾಗಿಯ ಚಳಿ ಬಂತು. ಹುಡುಗಿ ನಡುಗಲಿಲ್ಲ. ಹುಲ್ಲು ಕಿತ್ತು ಬೀಳಲಿಲ್ಲ. ಗೂಡು ಉರುಳಲಿಲ್ಲ. ಚಳಿ ಮುಗಿಯುವ ತನಕ ಭೂಮವ್ವ ಒಂದೇ ನಿದ್ದೆ.

ಎಚ್ಚರವಾದಾಗ ಬೇಸಿಗೆ. ಸೂರ್ಯ ನೆತ್ತಿಯ ಮೇಲಿದ್ದ. "ಚಟ್" ಅಂತ ಸದ್ದು ಕೇಳಿತು. ನೋಡಿದರೆ ಕೌದಿಯ ನಡುವೆ, ಆಯಿಯ ಕಪ್ಪು ಸೆರಗಿನಲ್ಲಿ, ಹೊಲಿಗೆ ಬಿಟ್ಟು ಒಂದು ಬಾಯಿ ತೆರೆದಿತ್ತು. ಪಕ್ಕದಲ್ಲಿ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಕಪ್ಪು ತುಂಡಿನ ತುಂಬ ಬಾಯಿಗಳು.

"ಏನದು, ಮಂದಿ ಮುಂದ ಬಾಯಿ ತಕ್ಕೊಂಡು ಬಿದ್ದಿರೂದು?" ಅಂತ ಕೆಂಪು ಚೂರುಗಳು ನಕ್ಕವು. "ನಾವು ಇಲ್ಲೇನು? ನಮಗೂ ಯಾರೂ ಏನೂ ತಿನ್ನಿಸಿಲ್ಲ."

"ನಿಮಗ ಯಾರೂ ಕೊಡತೀನಿ ಅಂದಿಲ್ಲ. ನನಗ ಅಂದಾರ. ಅದಕ್ಕ ಕಾಯಾಕ ಹತ್ತೇನಿ," ಅಂದಿತು ಕಪ್ಪು ತುಂಡು.

ಭೂಮವ್ವ ಹೆದರಿದಳು. ಹೀಗೇ ಹರಿಯುತ್ತ ಹೋದರೆ ಕೌದಿ ಎರಡಾಗುತ್ತದೆ. ಮುಂದಿನ ಮಾಗಿಗೆ ಮತ್ತೆ ಬರಿಮೈ, ಮತ್ತೆ ನಡುಕ. ಹರಿದ ತುದಿಗಳನ್ನು ಕೈಯಿಂದ ಒತ್ತಿ ಹಿಡಿದಳು, ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯಿತು. ಒಂದು ಬಾಯೊಳಗೆ ಬಗ್ಗಿ ನೋಡಿದಳು. ಕತ್ತಲೆ. ಆಯಿಯ ವಾಸನೆ ಒಣಗಿಹೋಗಿತ್ತು.

"ಕೌದಿಗೆ ಇಡೋದನ್ನ ನಾನ ತಿಂದುಬಿಟ್ಟೆ," ಅಂತ ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಆಗಲೇ ಗೊತ್ತಾದದ್ದು, ಅವಳ ಬಲಗೈ ಮುಷ್ಟಿ ಕಟ್ಟಿಯೇ ಇತ್ತು. ನಿದ್ದೆಗೆ ಜಾರಿದಾಗ ಕಟ್ಟಿದ ಮುಷ್ಟಿ, ಚಳಿಗಾಲವೆಲ್ಲ ಬಿಚ್ಚಿರಲಿಲ್ಲ. ಒಂದೊಂದೇ ಬೆರಳು ಬಿಡಿಸಿದಳು. ಅಂಗೈಗೆ ಅಂಟಿಕೊಂಡು ಜೋಳದ ಕಾಳುಗಳು.

ಒಂದೊಂದು ಬಾಯಿಗೆ ಒಂದೊಂದು ಕಾಳು ಹಾಕಿದಳು. "ತಿನ್ನು."

"ಒಣ ಗಂಟಲಾಗ ಹ್ಯಾಂಗ ಇಳೀಬೇಕು?" ಅಂದಿತು ಕೌದಿ. "ನೀರು ಬೇಕು."

ನೀರು ಭೂಮವ್ವನ ಹತ್ತಿರ ಎಲ್ಲಿತ್ತು? ಅವಳು ಕುತ್ತಿಗೆ ಎತ್ತಿ, ಇದ್ದ ಉಸಿರೆಲ್ಲ ಸೇರಿಸಿ ಕೂಗಿದಳು. "ಆಯೀ!"

ಆ ಬಿಸಿ ಉಸಿರು ಮೇಲೇರಿ ಮೇಲೇರಿ ಕಡಲಿನ ತನಕ ಹೋಯಿತು. ಬುತ್ತಿ ಕಟ್ಟುತ್ತ ಕೂತಿದ್ದ ಆಯಿಯ ಕೆನ್ನೆಗೆ ತಾಗಿತು. ಆಯಿ ಬುತ್ತಿಯನ್ನೂ ಅಲ್ಲೇ ಬಿಟ್ಟು ಎದ್ದಳು. "ಗಾಳ್ಯಪ್ಪಾ, ಹೂಡೋ ಬಂಡಿ! ಲಗೂ!" ಗುಡುಗಿದ ಸದ್ದಿಗೆ ನವಿಲು ಬೆಚ್ಚಿಬಿದ್ದು ಸೆರಗು ಬಿಚ್ಚಿಕೊಂಡು ಕುಣಿಯಿತು.

ಆಯಿ ಬಂದಳು. ಅರ್ಧ ಹರಿದ ಸೆರಗಿನಲ್ಲೇ ಬಂದಳು. ಮೊಮ್ಮಗಳನ್ನು ತಬ್ಬಿದಳು, ಅತ್ತಳು. ಆ ನೀರು ಕೌದಿಯ ಗಂಟಲಿಗೆ ಇಳಿಯಿತು. ಆಮೇಲೆ ಮೂಗು ಒರೆಸಿಕೊಂಡು ದಾರ ಪೋಣಿಸಿದಳು.

"ಅಯ್ಯ, ಬರೋ ಗಡಿಬಿಡ್ಯಾಗ ಬುತ್ತಿ ಮರತೆನಲ್ಲ. ಈಗ ಇದಕ್ಕೇನು ಕೊಡಲಿ?"

"ನಾ ಕೊಟ್ಟೇನಿ ಆಯಿ," ಅಂದಳು ಭೂಮವ್ವ. ಖಾಲಿ ಅಂಗೈ ತೋರಿಸಿದಳು.

ಆಯಿ ಆ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಕೂತು ಒಂದೊಂದೇ ಬಾಯಿ ಹೊಲಿದಳು, ಒಂದು ಸಾಲು, ಅದರ ಪಕ್ಕ ಇನ್ನೊಂದು ಸಾಲು. ಸ್ವಲ್ಪ ದಿನಕ್ಕೆ ಆ ಹೊಲಿಗೆಯ ಸಾಲಿನಲ್ಲೇ ಹಸಿರು ಮೊಳಕೆ ಎದ್ದವು. ಜೋಳ! ಹುಡುಗಿ ಕಪ್ಪು ಸೆರಗಿನ ಮೇಲೆ ಹಸಿರು ಬಣ್ಣ ನೋಡಿ ಚಪ್ಪಾಳೆ ತಟ್ಟಿದಳು. "ಆಯಿ, ಹೊಳೀತೈತಿ ನೋಡು!"

ಕೌದಿಗೆ ಹೊಟ್ಟೆ ತುಂಬಿತು, ಬಾಯಿ ಮುಚ್ಚಿತು. ಆದರೆ ಹೊಟ್ಟೆ ಅಂದರೆ ನಿನ್ನದಾಗಲಿ ಅದರದಾಗಲಿ, ಒಮ್ಮೆ ತುಂಬಿದರೆ ಮುಗಿಯಿತೇ? ತೆನೆ ಮುರಿದು ನಾವು ಮನೆಗೆ ತರುತ್ತೇವೆ, ಕೌದಿಗೆ ಮತ್ತೆ ಹಸಿವು. ಎಳ್ಳಮಾಸೆಯ ದಿನ ಹೊಲದಲ್ಲಿ ನಾವು ಊಟಕ್ಕೆ ಕೂರುವ ಮೊದಲು ರೊಟ್ಟಿ, ಕಡುಬು ಎಲ್ಲ ಕಲಸಿ ಚರಗ ಚೆಲ್ಲುವಾಗ ನೀನು "ಅನ್ನ ಯಾಕೆ ಮಣ್ಣಿಗೆ ಹಾಕುತ್ತೀರಿ" ಅಂತ ಕೇಳಿದೆಯಲ್ಲ, ಅದು ಆಯಿಯ ಮಾತು ಉಳಿಸುವುದಕ್ಕೆ.

ಅದಕ್ಕೇ ಮಗಳೇ, ಬೇಸಿಗೆ ಬಂತೆಂದರೆ ನಮ್ಮ ಕಪ್ಪು ಎರೆಮಣ್ಣಿನ ಹೊಲ ಅಷ್ಟಗಲ ಬಾಯಿ ಬಿಟ್ಟುಕೊಂಡು ಮೋಡದ ದಾರಿ ನೋಡುತ್ತ ಮಲಗಿರುತ್ತದೆ, ಪಕ್ಕದ ಕೆಂಪು ಹೊಲ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ. ಮತ್ತು ನೀನು ತಿನ್ನುತ್ತ ತಿನ್ನುತ್ತ ನಿದ್ದೆ ಹೋದಾಗ, ನಿನ್ನ ಮುಷ್ಟಿಯೊಳಗಿನ ರೊಟ್ಟಿ ಚೂರನ್ನು ನಾನು ಬಿಡಿಸಿಕೊಳ್ಳುವುದಿಲ್ಲ.